ಬೇಳೆ ಮಿಲ್ಲಿನ ಕನಸಿನ ಬಾಗಿಲು

ಎಚ್ಚರ ಇದ್ದಾಗ ಆಗುವ ಫಜೀತಿಗಳಿಗಿಂತ ಮಲಗಿದಾಗ ಆಗುವ ಫಜೀತಿಗಳೇ ಹೆಚ್ಚು ಎಂಬುದು ನನ್ನ ಇಪ್ಪತ್ತಾರು ವರ್ಷದ ನೌಕರಿಯ ಅನುಭವ. ನೌಕರಿ ಅಂದರೆ ಕಲಬುರಗಿಯ ಪಕ್ಕದ ಕಪನೂರಿನ ಒಂದು ತೊಗರಿಬೇಳೆ ಮಿಲ್ಲಿನಲ್ಲಿ ಕಾಂಟಾ ನೋಡಿಕೊಳ್ಳುವುದು. ಕಾಂಟಾ ಎಂದರೆ ಲಾರಿ ತೂಗುವ ದೊಡ್ಡ ತಕ್ಕಡಿ. ತುಂಬಿದ ಲಾರಿ ಬಂದರೆ ಹತ್ತಿಸಿ ತೂಗಬೇಕು, ಖಾಲಿಯಾಗಿ ಬಂದರೆ ಮತ್ತೆ ಹತ್ತಿಸಿ ತೂಗಬೇಕು. ನಡುವಿನ ಹೊತ್ತಿನಲ್ಲಿ ಏನು ಮಾಡಬೇಕು ಅಂತ ಯಾರೂ ಹೇಳಿರಲಿಲ್ಲ. ಹೀಗಾಗಿ ನಾನು ಮಲಗುತ್ತಿದ್ದೆ.

ನಾನೊಬ್ಬನೇ ಅಲ್ಲ. ಕಲಬುರಗಿಯ ಬಿಸಿಲು ಗೊತ್ತಿದ್ದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಧ್ಯಾಹ್ನ ಎರಡಕ್ಕೆ ಮಶೀನು ನಿಂತಿತೆಂದರೆ ಹಮಾಲರು, ಡ್ರೈವರುಗಳು, ನಾವು ಎಲ್ಲರೂ ಎರಡನೇ ಗೋಡೌನಿನ ತೊಗರಿ ಚೀಲಗಳ ಮೇಲೆ ಸಾಲಾಗಿ ಉರುಳುತ್ತಿದ್ದೆವು. ಚೀಲ ತಂಪು, ಮೇಲೆ ತಗಡು ಬಿಸಿ, ಮೂಗಿನ ತುಂಬ ತೊಗರಿಯ ಧೂಳು. ಈಗ ಆ ಮಿಲ್ಲಿನಲ್ಲಿ ಮೂರು ಪಾಳಿಯಂತೆ, ಯಾರೂ ಮಲಗುವುದಿಲ್ಲವಂತೆ. ನಾನೂ ಕೆಲಸ ಬಿಟ್ಟು ಮನೆಯಲ್ಲಿದ್ದೇನೆ. ಹಾಸಿಗೆ ಇದೆ, ಕೂಲರ್ ಇದೆ, ಆದರೆ ಆ ನಿದ್ದೆ ಮಾತ್ರ ಇಲ್ಲ.

ಗುರು ಸಿಕ್ಕಿದ್ದು

ಕನಸಿನ ವಿದ್ಯೆಯಲ್ಲಿ ನಮ್ಮ ಗುರು ಮಿಲ್ಲಿನ ಎಲೆಕ್ಟ್ರಿಷಿಯನ್. ಮೂವತ್ತೈದರ ಆಸುಪಾಸು, ಎರಡು ಮಕ್ಕಳ ತಂದೆ, ಊಟದ ಡಬ್ಬಿ ಬಿಚ್ಚುವ ಮೊದಲು ಮೊಬೈಲ್ ಬಿಚ್ಚುವ ಮನುಷ್ಯ. ಒಂದು ಬೇಸಿಗೆಯಲ್ಲಿ ಅವನು ಊಟಕ್ಕೆ ಕೂತಾಗ ಸುದ್ದಿ ತೆಗೆದ.

"ಕಾಂಟಾ ಸಾಹೇಬ್ರ, ಲೂಸಿಡ್ ಡ್ರೀಮ್ ಅಂತ ಒಂದು ಅದರಿ. ಕನಸ ಬಿದ್ದಾಗ ಇದು ಕನಸ ಅಂತ ನಮಗ ಗೊತ್ತಾಗ್ತದ. ಆಮ್ಯಾಲ ನಾವು ಹೇಳಿದಂಗ ಕನಸ ನಡೀತದ. ಹಾರಬಹುದು, ಈಜಬಹುದು, ಯಾರನ್ನ ಬೇಕು ಅವರನ್ನ ಕರೀಬಹುದು."

ನಮ್ಮ ಜೊತೆ ಊಟಕ್ಕೆ ಕೂರುತ್ತಿದ್ದ ಮೂರನೆಯವನು ಮಿಲ್ಲಿನ ಮಿಸ್ತ್ರಿ. ಮಶೀನು ರಿಪೇರಿ ಅವನ ಕೆಲಸ, ಮನೆ ಕೋಟೆಯ ಹತ್ತಿರದ ಗಲ್ಲಿಯಲ್ಲಿ, ವಯಸ್ಸು ನನಗಿಂತ ನಾಲ್ಕು ಹೆಚ್ಚು. ಅವನು ರೊಟ್ಟಿ ಮುರಿಯುತ್ತ ಕೇಳಿದ, "ಸಾವಕಾರನ್ನ ಕರೆದು ಪಗಾರ ಹೆಚ್ಚು ಮಾಡಿಸಬಹುದೇನು?"

"ಮಾಡಿಸಬಹುದು."

"ಮತ್ತ ಎದ್ದ ಮ್ಯಾಲ?"

"ಎದ್ದ ಮ್ಯಾಲ ಹಳೀ ಪಗಾರನೇ."

"ಹಂಗಿದ್ರ ನಕ್ಕೋ, ಬ್ಯಾಡೇ ಬ್ಯಾಡ," ಅಂದ ಮಿಸ್ತ್ರಿ.

ನನಗೆ ಮಾತ್ರ 'ಯಾರನ್ನ ಬೇಕು ಅವರನ್ನ' ಎಂಬ ಮಾತು ಕಿವಿಯಲ್ಲಿ ಉಳಿಯಿತು. ಕೈ ತೊಳೆಯುವಾಗ ಎಲೆಕ್ಟ್ರಿಷಿಯನ್‌ನನ್ನು ಬದಿಗೆ ಕರೆದು ಕೇಳಿದೆ, "ಸತ್ತವರನ್ನೂ ಕರೀಬಹುದೇನೋ?"

"ಅವರನ್ನ ಕರಿಯೋದು ಇನ್ನೂ ಹಗೂರ ರೀ. ಅವರಿಗಿ ಬ್ಯಾರೆ ಕೆಲಸ ಏನಿರ್ತದ?"

ಕಾರಣ ಹೇಳಿಬಿಡುತ್ತೇನೆ. ಅದಕ್ಕೆ ಮೂರು ವರ್ಷ ಹಿಂದೆ ನನ್ನ ಅವ್ವ ತೀರಿಕೊಂಡಿದ್ದಳು. ಕಮಲಾಪುರದಲ್ಲಿ ಅಕ್ಕನ ಮನೆಯಲ್ಲಿದ್ದಳು. ಹೋಗುವ ಹಿಂದಿನ ದಿನ ಮಧ್ಯಾಹ್ನ ನನಗೆ ಫೋನ್ ಮಾಡಿದ್ದಳು. ನಾನು ಚೀಲದ ಮೇಲೆ ಗಾಢ ನಿದ್ದೆಯಲ್ಲಿದ್ದೆ, ಫೋನು ಕಾಂಟಾದ ಕೋಣೆಯಲ್ಲಿ ಗೂಟಕ್ಕೆ ಹಾಕಿದ ಅಂಗಿಯ ಜೇಬಿನಲ್ಲಿತ್ತು. ಎದ್ದು ಬಂದಾಗ ಮೇಜಿನ ಮೇಲೆ ಪೇಪರಿನಲ್ಲಿ ಸುತ್ತಿದ ಒಂದು ಕೆಂಪು ಬಾಳೆಹಣ್ಣು ಇತ್ತು. ಯಾರೋ ಲಾರಿ ಡ್ರೈವರ್ ಕೊಟ್ಟ ಅಂದ ಮಿಸ್ತ್ರಿ. ಅದನ್ನು ತಿನ್ನುತ್ತಲೇ ಅವ್ವನ ಕರೆ ತಪ್ಪಿಹೋಗಿದ್ದು ನೋಡಿದೆ. ಸಂಜೆ ಮಾಡಿದರಾಯಿತು ಅಂದುಕೊಂಡೆ. ಸಂಜೆ ಲಾರಿ ಬಂದವು, ಮರೆತೆ. ಬೆಳಿಗ್ಗೆ ಅಕ್ಕನೇ ಫೋನ್ ಮಾಡಿದಳು, ಅವ್ವ ಮಲಗಿದಲ್ಲೇ ಹೋಗಿದ್ದಳು. ಅವತ್ತಿನಿಂದ ಒಂದೇ ಪ್ರಶ್ನೆ ನನ್ನನ್ನು ಕೊರೆಯುತ್ತಿತ್ತು: ಅವ್ವ ಏನು ಹೇಳಲು ಫೋನ್ ಮಾಡಿದ್ದಳು? ನಾನು ಮಲಗಿದ್ದೆ ಎಂದು ಯಾರ ಮುಂದೆಯೂ ಬಾಯಿಬಿಡಲು ನಾಚಿಕೆ. ಹೆಂಡತಿಗೂ ಹೇಳಿರಲಿಲ್ಲ.

"ಆದ್ರ ಅದಕ್ಕೊಂದು ಬಾಗಿಲ ಅದರಿ," ಅಂದ ಗುರು. "ನಿದ್ದಿ ಎಚ್ಚರದ ನಡುವ ಮೈ ಕಲ್ಲಾಗ್ತದ. ಕಣ್ಣ ತೆರೆದಿರ್ತಾವ, ಕೈಕಾಲ ಅಲುಗಾಡಂಗಿಲ್ಲ, ಬಾಯಿ ಬರಂಗಿಲ್ಲ. ಎದಿ ಮ್ಯಾಲ ಯಾರೋ ಕುಂತಂಗ ಆಗ್ತದ. ಅದನ್ನ ಅಂಜದೇ ದಾಟಿದವರಿಗಷ್ಟೇ ಕನಸಿನ ಕೀಲಿ ಸಿಗ್ತದ. ದಾಟದೇ ಯಾರಿಗೂ ಸಿಗಂಗಿಲ್ಲ. ಮೊಬೈಲ್‌ನ್ಯಾಗ ಹಂಗೇ ಹೇಳ್ಯಾರ."

ಇದು ನನಗೆ ಹೊಸದಲ್ಲ. ಚಿಕ್ಕಂದಿನಲ್ಲಿ ಅಪ್ಪನಿಗೆ ಮಧ್ಯಾಹ್ನದ ನಿದ್ದೆಯಲ್ಲಿ ಹೀಗಾಗುತ್ತಿತ್ತು. ಅಪ್ಪ ನರಳುವುದು ಕೇಳಿದರೆ ಅವ್ವ ಸೌಟು ಹಿಡಿದುಕೊಂಡೇ ಬಂದು ಅವನ ಎಡಗಾಲಿನ ಹೆಬ್ಬೆರಳು ಒಮ್ಮೆ ಜಗ್ಗಿ, ಏನೂ ಆಗದವರ ಹಾಗೆ ಒಲೆಯ ಮುಂದೆ ಹೋಗಿ ಕೂರುತ್ತಿದ್ದಳು. ಅಪ್ಪ ಎದ್ದು ಕೂರುತ್ತಿದ್ದ. ಊರವರು ಅದನ್ನು ದೆವ್ವ ಅನ್ನುತ್ತಿದ್ದರು, ಬರದಿರಲಿ ಅಂತ ತಾಯಿತ ಕಟ್ಟಿಸಿಕೊಳ್ಳುತ್ತಿದ್ದರು. ಬ್ಯಾಡ ಅಂದಿದ್ದ ಮಿಸ್ತ್ರಿಯೂ ಸೇರಿ ನಾವು ಮೂವರು ಮಾತ್ರ ಅದು ಬರಲಿ ಅಂತ ಚೀಲ ಹಾಸಿಕೊಂಡು ಕಾಯತೊಡಗಿದೆವು.

ಮುಟ್ಟಬಾರದು

ಮೊದಲು ಬಾಗಿಲು ಸಿಕ್ಕಿದ್ದು ಗುರುವಿಗೇ. ಅಂಗಾತ ಮಲಗಿದರೆ ಬೇಗ ಬರುತ್ತದೆ ಅಂತ ಅವನು ಅಂಗಾತ ಮಲಗಿದ್ದ. ನಾನೂ ಮಿಸ್ತ್ರಿಯೂ ಆಗಲೇ ಎದ್ದಿದ್ದೆವು, ಚಹಾ ಬಂದಿತ್ತು. ನೋಡುತ್ತೇವೆ, ಅವನ ಕಣ್ಣು ಅರ್ಧ ತೆರೆದಿವೆ, ಮೈ ಕಟ್ಟಿಗೆಯಾಗಿದೆ, ಗಂಟಲಿನಿಂದ "ಊಂ... ಊಂ..." ಅಂತ ಸಣ್ಣ ದನಿ ಬರುತ್ತಿದೆ.

"ಹೊಂಟಾನ ನೋಡು," ಅಂದೆ ನಾನು.

"ಎಬ್ಬಸೂಣೇನು?" ಅಂದ ಮಿಸ್ತ್ರಿ.

"ಹುಚ್ಚೇನು? ಮುಟ್ಟಬ್ಯಾಡ!"

ಆ ಹೊತ್ತಿನಲ್ಲಿ ಮುಟ್ಟಿದರೆ ಹೊರಗೆ ಹೋದ ಜೀವಕ್ಕೆ ತಿರುಗಿ ಬರುವ ದಾರಿ ತಪ್ಪುತ್ತದೆ ಅಂತ ಗುರುವೇ ಪಾಠ ಮಾಡಿದ್ದ. ನಾವು ಎರಡು ಮೊಳ ಹಿಂದೆ ಸರಿದು ಕೂತೆವು. ಊಂ ಊಂ ನಡೆದೇ ಇತ್ತು.

"ಯಾರೋ ಏನೋ ಕೇಳಾಕತ್ತಾರ, ಇಂವ ಒಪ್ಪಾಕತ್ತಾನ," ಅಂದೆ.

ಮಿಸ್ತ್ರಿ ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿ, "ಹೆಂಗಸೇ ಇರಬೇಕು. ಗಂಡಸರಿಗಿ ಯಾರೂ ಇಷ್ಟು ಊಂ ಅನ್ನಂಗಿಲ್ಲ," ಅಂದ.

ಅವನ ಪಾಲಿನ ಚಹಾ ಆರುತ್ತಿತ್ತು. ಆರಿಸಿ ಹಾಳು ಮಾಡುವುದೇಕೆ ಅಂತ ಇಬ್ಬರೂ ಅರ್ಧ ಅರ್ಧ ಮಾಡಿ ಕುಡಿದೆವು. ಅಷ್ಟರಲ್ಲಿ ಗುರು ಧಡಕ್ಕನೆ ಎದ್ದು ಕೂತ. ಮೈಯೆಲ್ಲ ಬೆವರು.

"ಎಲ್ಲಿ ಹೋಗಿದ್ದೆಪ? ಏನು ನೋಡಿದಿ?" ಅಂತ ಇಬ್ಬರೂ ಮುಗಿಬಿದ್ದೆವು.

"ಎಲ್ಲಿಗೂ ಹೋಗಿಲ್ರಿ! ಇಲ್ಲೇ ಇದ್ದೆ! ಎಬ್ಬಸ್ರೋ ಎಬ್ಬಸ್ರೋ ಅಂತ ಒದರಾಕತ್ತಿದ್ದೆ, ದನಿ ಹೊರಗ ಬರವಲ್ದು. ನೀವು ಇಬ್ರೂ ನನ್ನ ಮುಂದ ಕುಂತು ನನ್ನ ಚಹಾ ಕುಡಿದ್ರಿ. ಎಲ್ಲಾ ನೋಡೀನಿ!"

ಅವತ್ತಿನಿಂದ ಗುರುವಿನ ಪಾಠ ಬದಲಾಯಿತು. ಜೀವಕ್ಕೆ ದಾರಿ ತಪ್ಪಿದರೂ ಚಿಂತೆಯಿಲ್ಲ, ಮೊದಲು ಎಬ್ಬಿಸಬೇಕು, ಚಹಾ ಮುಚ್ಚಿಡಬೇಕು.

ತಲೆದೆಸೆಯ ಪಾನಾ

ಗುರುವಿನ ಅವಸ್ಥೆ ನೋಡಿ ಮಿಸ್ತ್ರಿ ಅಂಜಿದ. ತಲೆದೆಸೆಯಲ್ಲಿ ಕಬ್ಬಿಣ ಇದ್ದರೆ ಅದು ಎದೆಯ ಮೇಲೆ ಕೂರುವುದಿಲ್ಲ ಅಂತ ಅವನ ಅಜ್ಜಿ ಹೇಳಿದ್ದಳಂತೆ. ಬೋಲ್ಟು ಬಿಚ್ಚುವ ಒಂದು ದೊಡ್ಡ ಪಾನಾ ತಲೆಯ ಕೆಳಗೆ ಇಟ್ಟುಕೊಂಡು ಮಲಗತೊಡಗಿದ. ಗುರುವಿಗೆ ಸಿಟ್ಟು. "ನಾ ಇಲ್ಲಿ ಬಾಗಿಲ ತೆರಿಲಿ ಅಂತ ಕುಂತೀನಿ, ಬಾಜೂಕ ಇಂವ ಚಿಲಕ ಹಾಕ್ಯಾನ," ಅಂತ ದೂರ ಹೋಗಿ ಮಲಗಿದ.

ಹಮಾಲರ ಕಿವಿಗೆ ಈ ಸುದ್ದಿ ಬೀಳದೆ ಇರುತ್ತದೆಯೇ? ಎರಡನೇ ಗೋಡೌನಿನಲ್ಲಿ ಏನೋ ಬಂದು ಎದೆಯ ಮೇಲೆ ಕೂರುತ್ತದಂತೆ, ಮಿಸ್ತ್ರಿಯ ಹತ್ತಿರ ಮಾತ್ರ ಹೋಗುವುದಿಲ್ಲವಂತೆ ಅಂತ ಮಾತು ಹಬ್ಬಿತು. ಎರಡು ದಿನ ಕಳೆದು ಮಶೀನಿನ ಬೆಲ್ಟು ಹರಿಯಿತು. ಮಿಸ್ತ್ರಿ ಓಡಿ ಹೋಗಿ ಪೆಟ್ಟಿಗೆ ತೆಗೆದರೆ ಒಳಗೆ ಒಂದೂ ಪಾನಾ ಇಲ್ಲ. ಸಾವಕಾರರು ಕಳ್ಳತನ ಅಂತ ಕೂಗಾಡಿ ಇಡೀ ಮಿಲ್ಲು ಹುಡುಕಿಸಿದರು. ಹಮಾಲರು ಮಲಗುವ ಚೀಲಗಳ ಸಂದಿಗೆ ಒಂದರಂತೆ ಎಲ್ಲವೂ ಸಿಕ್ಕವು. ಬೆನ್ನ ಮೇಲೆ ಕ್ವಿಂಟಲ್ ಹೊತ್ತು ಓಡುವ ನಮ್ಮ ಭೀಮನಂಥ ಹಮಾಲನೊಬ್ಬ ಎರಡು ಇಟ್ಟುಕೊಂಡಿದ್ದ.

ಬೆಲ್ಟು ಕೂಡಿತು, ಪಾನಾ ಪೆಟ್ಟಿಗೆ ಸೇರಿದವು, ಎಲ್ಲರಿಗೂ ಬೈಗುಳ ಸಿಕ್ಕಿತು. ಸಂಜೆ ಸಾವಕಾರರು ಮಿಸ್ತ್ರಿಯನ್ನು ಒಬ್ಬನೇ ಒಳಗೆ ಕರೆದು ಬಾಗಿಲು ಮುಂದೆ ಮಾಡಿ ಹೇಳಿದರು, "ನಂಗೂ ಮನ್ಯಾಗ ಒಮ್ಮೊಮ್ಮಿ ಹಂಗ ಆಗ್ತದಪ. ಒಂದು ಸಣ್ಣದು ಇದ್ರ ಕೊಡು."

ಐದು ಬೆರಳು

ಗುರುವಿನ ಇನ್ನೊಂದು ಸಾಧನೆ ಬೆರಳೆಣಿಕೆ. ಕನಸಿನಲ್ಲಿ ಕೈ ನೋಡಿಕೊಂಡರೆ ಬೆರಳು ಆರೋ ಏಳೋ ಕಾಣುತ್ತವಂತೆ. ಐದೇ ಇದ್ದರೆ ಎಚ್ಚರ ಅಂತ ಲೆಕ್ಕ. ಹಗಲೆಲ್ಲ ಎಣಿಸಿ ರೂಢಿಯಾದರೆ ಕನಸಿನಲ್ಲೂ ಎಣಿಸುತ್ತೇವೆ, ಆಗ ಕನಸು ಸಿಕ್ಕಿಬೀಳುತ್ತದೆ. ಎದೆಯ ಮೇಲೆ ಕೂತದ್ದಕ್ಕೂ ಬೆರಳು ತೋರಿಸಿದರೆ ಎದ್ದು ಹೋಗುತ್ತದೆ ಅಂತಲೂ ಸೇರಿಸಿದ. ಅಲುಗಾಡದ ಕೈಯನ್ನು ಎತ್ತಿ ತೋರಿಸುವುದು ಹೇಗೆ ಅಂತ ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ನಮ್ಮ ಮಿಲ್ಲಿನ ಪದ್ಧತಿ ಈಗ ಹೇಳಬೇಕು. ಮಶೀನು ನಡೆಯುವಾಗ ಪಕ್ಕದವರ ಮಾತು ಕೇಳುವುದಿಲ್ಲ. ಹೀಗಾಗಿ ಲಾರಿ ತೂಗಿದ ಮೇಲೆ ಯಾವ ಗೋಡೌನಿಗೆ ಹೋಗಬೇಕು ಅಂತ ನಾನು ಕಿಟಕಿಯಿಂದ ಬೆರಳಿನಲ್ಲಿ ತೋರಿಸುತ್ತಿದ್ದೆ. ಒಂದು ಬೆರಳಾದರೆ ಒಂದನೇ ಗೋಡೌನು, ಎರಡಾದರೆ ಎರಡನೆಯದು. ತೊಗರಿ ಹೋಗುತ್ತಿದ್ದದ್ದು ಮೂರರ ತನಕ. ಐದನೆಯದು ದನದ ಮೇವಿನ ಹೊಟ್ಟು ತುಂಬುವ ಗೋಡೌನು.

ಒಂದು ದಿನ ಊಟ ಮುಗಿಸಿ ಎದ್ದ ಮೇಲೆ ಲಾರಿಗಳು ಒಂದರ ಹಿಂದೆ ಒಂದು ಬಂದವು. ಮೊದಲನೆಯದನ್ನು ತೂಗಿ, ಇದು ಕನಸೋ ಎಚ್ಚರವೋ ನೋಡೋಣ ಅಂತ ಕೈ ಮುಖದ ಮುಂದೆ ಹಿಡಿದು ಎಣಿಸಿದೆ. ಐದು. ಡ್ರೈವರ್ ತಲೆಯಾಡಿಸಿ ಹೋದ. ಎರಡನೆಯದು ಬಂತು. ಎಣಿಸಿದೆ. ಐದು. ಅವನೂ ತಲೆಯಾಡಿಸಿ ಹೋದ. ಇವತ್ತು ಡ್ರೈವರುಗಳು ಭಾರಿ ಮರ್ಯಾದಸ್ಥರು, ಗೋಡೌನು ಯಾವುದು ಅಂತ ಕೇಳುವುದೂ ಇಲ್ಲ ಅಂದುಕೊಂಡು ಮೂರನೆಯದಕ್ಕೂ ಎಣಿಸಿದೆ. ಹಮಾಲರು ಎಲ್ಲಿ ಲಾರಿ ನಿಂತಿತೋ ಅಲ್ಲಿ ಇಳಿಸುವವರು, ಯಾಕೆ ಏನು ಅಂತ ಕೇಳುವವರಲ್ಲ. ಮೂರು ಲಾರಿ ತೊಗರಿ ಹೊಟ್ಟಿನ ಮೇಲೆ ಬಿತ್ತು.

ಸಾವಕಾರರು ಬಂದು ಮೇಜು ಗುದ್ದಿದರು. "ಏನ್ರೀ ಇದು? ಎಚ್ಚರ ಇದ್ದಿರೋ, ಮಲಗಿದ್ದಿರೋ?"

ಸುಳ್ಳು ಹೇಳುವ ಸ್ವಭಾವ ನನ್ನದಲ್ಲ. "ಎಚ್ಚರೇ ಇದ್ದೆರಿ ಸಾವಕಾರ್ರ. ಮೂರು ಸಲ ಎಣಿಸಿ ನೋಡೀನಿ."

ಅಂಗಿಯೊಳಗಿನ ಪಾರಿವಾಳ

ಆಗ ನಮ್ಮ ಬಾಡಿಗೆ ಮನೆ ಕಲಬುರಗಿಯ ಖೂಬಾ ಪ್ಲಾಟ್‌ನಲ್ಲಿ. ಒಂದು ರವಿವಾರ ಮಧ್ಯಾಹ್ನ ಊಟ ಮಾಡಿ ಅಂಗಾತ ಮಲಗಿದ್ದೆ, ನನಗೂ ಬಂತು. ಫ್ಯಾನು ತಿರುಗುವುದು ಕಾಣುತ್ತಿದೆ, ಗೋಡೆಯ ಕ್ಯಾಲೆಂಡರ್ ಕಾಣುತ್ತಿದೆ, ಕಿರುಬೆರಳೂ ಅಲುಗಾಡುತ್ತಿಲ್ಲ. ಎದೆಯ ಮೇಲೆ ಒಂದು ಚೀಲ ತೊಗರಿ ಇಟ್ಟಂತೆ. ಬಾಗಿಲು ಬಂತು, ಇನ್ನು ಅವ್ವ ಬರುತ್ತಾಳೆ ಅಂತ ಸಂತೋಷಪಡಬೇಕೆಂದುಕೊಂಡೆ. ಆದದ್ದು ಬರೀ ಅಂಜಿಕೆ. ಅಷ್ಟರಲ್ಲಿ ಒಳಗೆ ಬಂದದ್ದು ನನ್ನ ಹೆಂಡತಿ.

"ಏನ್ರೀ? ಏನ್ರೀ?" ಅಂತ ಎರಡು ಸಲ ಕರೆದಳು. ನನ್ನ ಕಣ್ಣು ತೆರೆದಿವೆ, ಉತ್ತರ ಇಲ್ಲ. "ಯವ್ವಾ, ಲಕ್ವಾ ಹೊಡದದ!" ಅಂತ ಚೀರಿ ಹೊರಗೆ ಓಡಿದಳು. ಒಂದು ನಿಮಿಷಕ್ಕೆ ನನ್ನ ಕೈಕಾಲು ಬಿಟ್ಟವು, ಎದ್ದು ಕೂತೆ. ಆದರೆ ಆಗಲೇ ಆಕೆ ಮಿಸ್ತ್ರಿಗೆ ಫೋನ್ ಮಾಡಿಯಾಗಿತ್ತು.

ಅರ್ಧ ಗಂಟೆಯೊಳಗೆ ಮಿಸ್ತ್ರಿ ಆಟೋ ತಗೊಂಡು ಬಂದ. ಕಣ್ಣು ಕೆಂಪಗಿದ್ದವು, ಅಂಗಿಯ ಹೊಟ್ಟೆಯ ಹತ್ತಿರ ಏನೋ ಮಿಸುಕಾಡುತ್ತಿತ್ತು. ಲಕ್ವಾ, ಅಂದರೆ ಪಾರ್ಶ್ವವಾಯು, ಹೊಡೆದವರ ಮೈಗೆ ಪಾರಿವಾಳದ ರಕ್ತ ಹಚ್ಚಿದರೆ ಕೈಕಾಲು ಬರುತ್ತವೆ ಅಂತ ನಮ್ಮ ಕಡೆ ಒಂದು ನಂಬಿಕೆ. ಮಿಸ್ತ್ರಿ ಮಾಳಿಗೆಯ ಮೇಲೆ ಪಾರಿವಾಳ ಸಾಕಿದ್ದ. ಅದರಲ್ಲಿ ಬಿಳಿಯದೊಂದು ಅವನ ಜೀವ. ಅದನ್ನೇ ತಂದಿದ್ದ.

"ನನಗೇನೂ ಆಗಿಲ್ಲೋ ಮಾರಾಯ," ಅಂತ ನಾನು ಎದ್ದು ನಿಂತು ಕುಣಿದು ತೋರಿಸಿದೆ.

"ಲಕ್ವಾ ಹೊಡದವರು ಹಂಗೇ ಅಂತಾರ," ಅಂದಳು ಹೆಂಡತಿ. ಇಬ್ಬರೂ ಕೂಡಿ ನನ್ನನ್ನು ಎತ್ತಿ ಆಟೋಗೆ ಹಾಕಿದರು.

ಡಾಕ್ಟರು ಕೈ ಎತ್ತಿಸಿದರು, ನಗಿಸಿದರು, ನಡೆಸಿದರು. "ಲಕ್ವಾ ಅಲ್ಲ, ದೆವ್ವ ಅಲ್ಲ," ಅಂದರು. "ಕನಸ ಬೀಳೋ ಹೊತ್ತಿನ್ಯಾಗ ಮೈ ತನ್ನ ತಾನೇ ಕಟ್ಟಿ ಹಾಕ್ಕೊಂಡಿರ್ತದ. ಇಲ್ಲಂದ್ರ ಕನಸಿನ್ಯಾಗ ಓಡಿದವರು ಖರೇನ ಓಡಿ ಗ್ವಾಡಿಗಿ ಹಾಯ್ತಾರ. ಒಮ್ಮೊಮ್ಮಿ ಕಣ್ಣ ಮೊದಲ ಎಚ್ಚರ ಆಗ್ತಾವ, ಮೈ ಆಮ್ಯಾಲ ಬಿಡ್ತದ. ಅಷ್ಟೇ."

"ಬಾಗಿಲೂ ಅಲ್ಲೇನ್ರಿ?" ಅಂದೆ.

"ಯಾವ ಬಾಗಿಲು?"

ಗುರುವಿನ ಪಾಠವೆಲ್ಲ ಒಪ್ಪಿಸಿದೆ. ಡಾಕ್ಟರು ನಕ್ಕರು. "ಇದು ಬರದೇನೂ ಅಂಥ ಕನಸ ಬೀಳ್ತಾವ. ಇದು ಬಂದವರಿಗೆಲ್ಲಾ ಬೀಳ್ತಾವ ಅಂತ ಏನೂ ಇಲ್ಲ. ಹೊತ್ತಿಗಿ ಸರಿಯಾಗಿ ಮಲಗ್ರಿ, ಮಗ್ಗಲಾಗಿ ಮಲಗ್ರಿ, ತಾನೇ ಕಡಿಮಿ ಆಗ್ತದ."

"ಕಡಿಮಿ ಆಗೋದು ಬ್ಯಾಡ್ರಿ ಡಾಕ್ಟರ್ರ. ಹೆಚ್ಚಾಗೋಹಂಗ ಗುಳಿಗಿ ಇದ್ರ ಬರ್ದು ಕೊಡ್ರಿ."

ಡಾಕ್ಟರು ನನ್ನ ಹೆಂಡತಿಯ ಮುಖ ನೋಡಿದರು. ಹೆಂಡತಿ ಮಿಸ್ತ್ರಿಯ ಮುಖ ನೋಡಿದಳು. ಮಿಸ್ತ್ರಿ ಯಾರ ಮುಖವನ್ನೂ ನೋಡಲಿಲ್ಲ. ಹೊರಗೆ ಹೋಗಿ ಅಂಗಿಯ ಗುಂಡಿ ಬಿಚ್ಚಿದ. ನಾವು ಆಟೋ ಹಿಡಿಯುವ ಮೊದಲೇ ಪಾರಿವಾಳ ಕೋಟೆಯ ಕಡೆ ಮನೆ ಮುಟ್ಟಿತ್ತು.

ಹೆಬ್ಬೆರಳು

ಡಾಕ್ಟರು ಹೇಳಿದ್ದನ್ನು ನಂಬಿದೆ, ಆದರೆ ಆಸೆ ಬಿಡಲಿಲ್ಲ. ಮುಂದಿನ ರವಿವಾರ ಕಮಲಾಪುರಕ್ಕೆ ಹೋದೆ. ಅಕ್ಕ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಉಂಡು ಪಡಸಾಲೆಯಲ್ಲಿ ಅವ್ವ ಮಲಗುತ್ತಿದ್ದ ಹೊರಸಿನ ಮೇಲೆ, ಬೇಕಂತಲೇ ಅಂಗಾತ ಮಲಗಿದೆ. ಹಿತ್ತಲಿನಲ್ಲಿ ಅವ್ವ ನೆಟ್ಟ ಕೆಂಪು ಬಾಳೆಯ ಎಲೆಗಳು ಗಾಳಿಗೆ ಸದ್ದು ಮಾಡುತ್ತಿದ್ದವು. ಎಷ್ಟೋ ವರ್ಷದ ಮೇಲೆ ಆ ಸದ್ದಿನಲ್ಲಿ ಮಲಗಿದ್ದೆ, ಮನಸ್ಸು ತುಂಬಿ ಬಂತು.

ಬಂತು. ಮೈ ಕಲ್ಲಾಯಿತು. ಜಂತಿ ಕಾಣುತ್ತಿತ್ತು, ಬಾಗಿಲು ಕಾಣುತ್ತಿತ್ತು. ಆ ಬಾಗಿಲಲ್ಲಿ, ಬಿಸಿಲಿಗೆ ಬೆನ್ನು ಮಾಡಿ, ಇಳಕಲ್ ಸೀರೆಯ ಸೆರಗು ಹೊದ್ದು ಅವ್ವ ನಿಂತಿದ್ದಳು. ಅದೇ ಸೀರೆ, ಅದೇ ನಿಲುವು. ನೆಟ್ಟಗೆ ನನ್ನ ಕಡೆಗೆ ಬಂದಳು, ಎಡಗಾಲಿನ ಹೆಬ್ಬೆರಳು ಹಿಡಿದು ಒಮ್ಮೆ ಜಗ್ಗಿದಳು. ಮೈ ಹಗುರಾಯಿತು, ಬಾಯಿ ಬಂತು. ಬಾಗಿಲು ದಾಟಿದೆ, ಇದೇ ಆ ಕನಸು ಅಂತ ಗೊತ್ತಾಯಿತು.

"ಅವ್ವಾ," ಅಂದೆ, "ಆವತ್ತ ಮಧ್ಯಾಹ್ನ ಫೋನ್ ಯಾಕ ಮಾಡಿದ್ದಿ?"

"ಯಾವತ್ತ?"

"ನೀ ಹೋಗೋದರ ಹಿಂದಿನ ದಿನ."

"ಹಣ್ಣಿನ ಗೊನಿ ಬಸ್ಸಿಗಿ ಹಾಕಿದ್ದು ಹೇಳಾಕ."

ಕಣ್ಣಿನಲ್ಲಿ ನೀರು ಬಂತು. ಮೂರು ವರ್ಷ ಕೊರೆದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಕನಸು ಖರೇ ಅಂತ ಖಾತ್ರಿ ಮಾಡಿಕೊಳ್ಳಲು ಕೈ ಎತ್ತಿ ಬೆರಳು ಎಣಿಸಿದೆ. ಐದು. ತಪ್ಪಿರಬೇಕು ಅಂತ ಮತ್ತೆ ಎಣಿಸಿದೆ. ಐದು. ಇನ್ನೊಂದು ಕೈ ಎಣಿಸಿದೆ.

"ಯಾಕೋ ತಮ್ಮಾ, ಬೆರಳ ಯಾವುದರ ಕಳಕೊಂಡೀಯೇನು?" ಅಂದಳು ಅಕ್ಕ.

ಅಕ್ಕನೇ. ಅವ್ವನ ಸೀರೆ ಉಟ್ಟಿದ್ದಳು. ನಾನು ನರಳುವುದು ಕೇಳಿ, ಅವ್ವ ಅಪ್ಪನಿಗೆ ಮಾಡುತ್ತಿದ್ದ ಹಾಗೆಯೇ ಬಂದು ಹೆಬ್ಬೆರಳು ಜಗ್ಗಿದ್ದಳು. ನಿದ್ದೆಗಣ್ಣಿನಲ್ಲಿ ಅವ್ವನನ್ನು ಕೇಳುತ್ತಿದ್ದೇನೆ ಅಂತ ತಿಳಿದು ತಾನೇ ಉತ್ತರ ಕೊಟ್ಟಿದ್ದಳು. ನಾನು ಎದ್ದು ಕೂತು ಗೊನೆಯ ವಿಷಯ ಮತ್ತೆ ಕೇಳಿದೆ.

"ಹಿತ್ತಲ ಗೊನಿ ಹಣ್ಣಾಗಿತ್ತು. ಬಸ್ಸು ಕಪನೂರ ಮ್ಯಾಲೇ ಹೋಗ್ತದಂತ ಕಂಡಕ್ಟರ್ ಕೈಯಾಗ ಕೊಟ್ಲು. ಇಳಿಸಿಕೊ ಅಂತ ನಿನಗ ಫೋನ್ ಹಚ್ಚಿದ್ಲು, ನೀ ಎತ್ತಲಿಲ್ಲ. ಮಿಲ್ಲಿಗಿ ಹಚ್ಚಿದ್ಲು. ಯಾರೋ ಮಿಸ್ತ್ರಿ ಎತ್ತಿ ನಾ ಇಳಿಸಿಕೋತೀನಿ ಅಂದ. ಯಾಕ, ನೀ ಹಣ್ಣ ತಿನ್ನಲಿಲ್ಲೇನು?"

"ಅಲ್ಲಕ್ಕಾ, ಇಷ್ಟ ವರ್ಷ ನನಗ್ಯಾಕ ಹೇಳಲಿಲ್ಲ?"

"ನೀ ಯಾವಾಗ ಕೇಳಿದಿ?" ಅಂದಳು ಅಕ್ಕ.

ಸತ್ತವರನ್ನು ಕರೆಸಲು ಒಂದು ಬೇಸಿಗೆಯೆಲ್ಲ ಚೀಲದ ಮೇಲೆ ಅಂಗಾತ ಮಲಗಿದ್ದೆ. ಇದ್ದವಳನ್ನು ಒಂದು ಮಾತು ಕೇಳಿರಲಿಲ್ಲ.

ಅಮಾನತ್ತು

ಸಂಜೆ ಬಸ್ಸಿಳಿದು ನೆಟ್ಟಗೆ ಮಿಸ್ತ್ರಿಯ ಮನೆಗೆ ಹೋದೆ. ಮಾಳಿಗೆಯ ಮೇಲೆ ಪಾರಿವಾಳಗಳಿಗೆ ಜೋಳ ಹಾಕುತ್ತಿದ್ದ. "ನಮ್ಮವ್ವನ ಗೊನಿ ನೀನೇ ಇಳಿಸಿಕೊಂಡಿದ್ದೇನೋ?" ಅಂದೆ. ಅವನ ಕೈಯಿಂದ ಜೋಳದ ತಟ್ಟೆ ಜಾರಿತು.

"ನಾನೇ ಕಾಂಟಾ ಸಾಬ್," ಅಂದ. "ಅಮ್ಮ ಫೋನ್ ಮಾಡಿ, ನನ್ನ ಮಗ ಎಲ್ಲಿ ಅಂದ್ರು. ಮಲಗ್ಯಾನ, ಎಬ್ಬಸ್ಲೇನು ಅಂದೆ. ಬ್ಯಾಡ ಬ್ಯಾಡ, ಎಬ್ಬಸಬ್ಯಾಡ, ಸಣ್ಣಂದಿನಿಂದ ಅವಗ ಮಧ್ಯಾಹ್ನದ ನಿದ್ದಿ ಅಂದ್ರ ಜೀವ, ಮಲಕೊಳ್ಳಿ ಅಂದ್ರು. ಹಣ್ಣ ನೀವು ಎಲ್ಲಾರೂ ತಿನ್ರಿ, ಅವಗ ಎರಡು ಇಡ್ರಿ ಸಾಕು ಅಂದ್ರು."

ನಾನು ಚೆಲ್ಲಿದ ಜೋಳದ ಮೇಲೆಯೇ ಕೂತುಬಿಟ್ಟೆ. ನಾನು ಮಲಗಿದ್ದೆ ಎಂಬ ಒಂದು ಮಾತು ಅಷ್ಟು ವರ್ಷ ನನ್ನ ಎದೆಯ ಮೇಲೆ ಕೂತಿತ್ತು. ಅವ್ವ ಅದನ್ನು ಅವತ್ತೇ ಮಾಫ್ ಮಾಡಿ ಫೋನಿಟ್ಟಿದ್ದಳು. ನಾನು ಅತ್ತುಬಿಟ್ಟೆ. ಮಿಸ್ತ್ರಿಯೂ ಅತ್ತ.

"ಮತ್ತ ಅವತ್ತೇ ಯಾಕ ಹೇಳಲಿಲ್ಲೋ? ಲಾರಿ ಡ್ರೈವರ್ ಕೊಟ್ಟ ಅಂತ ಯಾಕ ಸುಳ್ಳ ಹೇಳಿದಿ?"

ಮಿಸ್ತ್ರಿ ನನ್ನ ಸುತ್ತ ಚೆಲ್ಲಿದ ಜೋಳ ಬಾಚಿ ತಟ್ಟೆಗೆ ಹಾಕಿದ. ಆಮೇಲೆ ತಲೆ ತಗ್ಗಿಸಿ ಹೇಳಿದ, "ಎರಡು ಇಡು ಅಂದಿದ್ರು ಸಾಬ್. ಉಳಿದವು ಹಮಾಲರಿಗಿ ಹಂಚಿ ನಿಮಗ ನಾ ಒಂದೇ ಇಟ್ಟಿದ್ದೆ."

"ಇನ್ನೊಂದು?"

"ಭಾರಿ ರುಚಿ ಇತ್ತು. ತಿಂದ್ಬಿಟ್ಟೆ. ನೀವು ಎದ್ದು ಬಂದಾಗ ನಾಚಿಕಿ ಆಯ್ತು. ನಾಳಿ ಹೇಳಿ ನಗಸೂಣು ಅಂದುಕೊಂಡೆ. ನಾಳಿಗಿ ಅಮ್ಮ ಹೋದ ಸುದ್ದಿ ಬಂತು. ಆಮ್ಯಾಲ ಯಾವ ಬಾಯಿಂದ ಹೇಳ್ಲಿ? ಆ ಒಂದು ಹಣ್ಣಿನ ಸಲುವಾಗಿ ನನ್ನ ಬಿಳಿ ಪಾರಿವಾಳ ಕೊಡಾಕ ಬಂದಿದ್ದೆ."

ಮರುದಿನ ಕಾಂಟಾದ ಕೋಣೆಗೆ ಹೋದರೆ ಮೇಜಿನ ಮೇಲೆ ಪೇಪರಿನಲ್ಲಿ ಸುತ್ತಿದ ಒಂದು ಕೆಂಪು ಬಾಳೆಹಣ್ಣು ಇತ್ತು. "ಅಮ್ಮನ ಅಮಾನತ್ತು, ನಿಮಗ ಮುಟ್ಟಸು ಅಂತ ನಂಬಿ ಕೊಟ್ಟಿದ್ದು," ಅಂದ ಮಿಸ್ತ್ರಿ. ಸಿಪ್ಪೆ ಸುಲಿದು ನಿಧಾನವಾಗಿ ತಿಂದೆ. ಮಧ್ಯಾಹ್ನ ಎರಡಕ್ಕೆ ಚೀಲದ ಮೇಲೆ ಮಗ್ಗಲಾಗಿ ಮಲಗಿದೆ. ಬೆರಳು ಎಣಿಸಲಿಲ್ಲ, ಬಾಗಿಲು ಕಾಯಲಿಲ್ಲ. ಗಾಢ ನಿದ್ದೆ ಹತ್ತಿತು, ಕನಸೂ ಬೀಳಲಿಲ್ಲ.

ಎದ್ದಾಗ ನಾಲ್ಕಾಗಿತ್ತು. ಮೂರಕ್ಕೇ ಮಶೀನು ಶುರುವಾಗಿದ್ದರೂ ನನಗೆ ತಿಳಿದಿರಲಿಲ್ಲ. ಮಿಸ್ತ್ರಿ ಗೋಡೌನಿನ ಬಾಗಿಲಲ್ಲಿ ಕಾವಲು ನಿಂತು ಒಬ್ಬರನ್ನೂ ನನ್ನ ಹತ್ತಿರ ಬಿಟ್ಟಿರಲಿಲ್ಲ. ನಡುವೆ ಒಂದು ತೊಗರಿ ಲಾರಿ ಬಂದು ಕಾಂಟಾದ ಮೇಲೆ ನಿಂತು ಹಾರ್ನ್ ಬಾರಿಸಿತಂತೆ. ನನಗೆ ಎಚ್ಚರವಾದೀತು ಅಂತ ಮಿಸ್ತ್ರಿ ಓಡಿ ಹೋಗಿ, ಬಾಯಿ ತೆರೆಯದೆ, ಐದು ನಿಮಿಷ ತಡಿ ಅಂತ ಡ್ರೈವರಿಗೆ ಕಿಟಕಿಯಿಂದ ಅಂಗೈ ತೋರಿಸಿದ. ಡ್ರೈವರ್ ತಲೆಯಾಡಿಸಿ ಹೋದ.

ನಾನು ಹೊರಗೆ ಬರುವ ಹೊತ್ತಿಗೆ ಹೊಟ್ಟಿನ ಗೋಡೌನಿನ ಮುಂದೆ ಲಾರಿ ಅರ್ಧ ಖಾಲಿಯಾಗಿತ್ತು, ಸಾವಕಾರರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

"ಇವತ್ತೂ ಎಚ್ಚರ ಇದ್ದಿರೇನು?" ಅಂದರು.

"ಇಲ್ರಿ ಸಾವಕಾರ್ರ, ಇವತ್ತ ಮಲಗಿದ್ದೆ," ಅಂದೆ. "ಎಬ್ಬಸಬ್ಯಾಡ್ರಿ ಅಂತ ನಮ್ಮವ್ವ ಹೇಳ್ಯಾಳ."